ನಾಲ್ಕನೆಯ ಪಟ್ಟಿ

ವೈಶಾಖದಲ್ಲಿ ನಮ್ಮೂರ ಕೆರೆ ಬತ್ತುತ್ತದೆ. ಬತ್ತಿದ ಕೆರೆಯಂಗಳದಲ್ಲಿ ಐದು ದಿನ ಸಂಗೀತೋತ್ಸವ ನಡೆಯುತ್ತದೆ. ತೂಬಿನ ಕಲ್ಲುಗಂಬಗಳ ಮುಂದೆ ವೇದಿಕೆ ಕಟ್ಟುತ್ತಾರೆ. ಹಾಡು ಹಿಂದಿನ ಏರಿಗೆ ತಾಗಿ ತಿರುಗಿ ಬರುವುದರಿಂದ ಮೈಕು ಬೇಕಾಗುವುದಿಲ್ಲ. ಕಛೇರಿ ಬೆಳಿಗ್ಗೆ ಮಾತ್ರ. ಸೂರ್ಯ ಏರಿಯ ಮೇಲೆ ಬರುವಾಗ ಶುರುವಾಗಿ ನೆತ್ತಿಗೆ ಬರುವ ಮೊದಲು ಮುಗಿಯುತ್ತದೆ.

ಈ ವರ್ಷ ಹೋಗುವುದು ಬೇಡ ಎಂದುಕೊಂಡಿದ್ದೆ. ನನ್ನ ಗಂಡ ಪ್ರಹ್ಲಾದ ಹೋಗಿ ಹತ್ತು ತಿಂಗಳಾಗಿತ್ತು. ಆಷಾಢದಲ್ಲಿ ಮೂರು ದಿನ ಜ್ವರ, ನಾಲ್ಕನೆಯ ದಿನ ಅವನಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ಆಗ ನನಗೆ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಮೊದಮೊದಲು ಬಂದವರು ಅದನ್ನು ಧೈರ್ಯ ಎಂದರು. ಆಮೇಲೆ ಏನೂ ಅನ್ನದೆ ಕಾಫಿ ಕುಡಿದು ಎದ್ದು ಹೋಗತೊಡಗಿದರು.

"ಅಮ್ಮ, ಚಾಪೆ ಇಳಿಸು," ಎಂದಳು ಇಳಾ. ಅವಳಿಗೆ ಆರು ವರ್ಷ. "ತೂಬಿಗೆ ತೋರಣ ಕಟ್ತಿದ್ದಾರೆ. ನಾಳೆಯಿಂದ ಶುರು."

"ಈ ವರ್ಷ ಬೇಡ ಪುಟ್ಟಿ."

"ಯಾಕೆ ಬೇಡ?"

ಅಡುಗೆಮನೆಯಿಂದ ಅತ್ತೆ ಹೇಳಿದರು, "ಮಕ್ಕಳು ಹೋಗಲಿ ನಿರುಪಮಾ. ಮಳೆ ಬಂದು ಕೆರೆ ತುಂಬಿದ್ರೆ ಇನ್ನೊಂದು ವರ್ಷ ಕಾಯ್ಬೇಕು. ನೀನು ಸುಮ್ನೆ ಕೂತಿರು. ಹಾಡೋರು ಹಾಡ್ಕೋತಾರೆ."

ಅತ್ತೆ, ಅಂದರೆ ಪ್ರಹ್ಲಾದನ ತಾಯಿ ಭಾಗೀರಥಮ್ಮ. ಎರಡು ಬೀದಿಯಾಚೆ ಅವರದೇ ಮನೆಯಿದೆ, ಮಾವ ತೀರಿಕೊಂಡ ಮೇಲೆ ಅಲ್ಲಿ ಒಬ್ಬರೇ ಇದ್ದರು. ಮಗನ ಹದಿಮೂರು ದಿನಗಳಿಗೆಂದು ಒಂದು ಟ್ರಂಕು ಹಿಡಿದುಕೊಂಡು ಬಂದವರು ಹಾಗೇ ಉಳಿದರು. ಟ್ರಂಕು ಈಗಲೂ ಅಡುಗೆಮನೆಯ ಮೂಲೆಯಲ್ಲಿದೆ. ಬೆಳಿಗ್ಗೆ ಬೀಗ ತೆಗೆದು ಒಂದು ಸೀರೆ ಎತ್ತಿಕೊಂಡು ಮತ್ತೆ ಬೀಗ ಹಾಕುತ್ತಾರೆ. ನಾನು ಇರಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಮಕ್ಕಳ ತಲೆ ಬಾಚುವುದು, ಅನ್ನ ಮಾಡುವುದು, ನಾನು ಶಾಲೆಗೆ ಪಾಠ ಮಾಡಲು ಹೋದಾಗ ಮೂರು ವರ್ಷದ ಮುಕುಂದನನ್ನು ನೋಡಿಕೊಳ್ಳುವುದು ಅವರ ಪಾಲಾಗಿತ್ತು.

ಚಾಪೆಯ ವಿಷಯ ಹೇಳಬೇಕು. ನಮ್ಮೂರಿನಲ್ಲಿ ಮದುವೆಯಾದವರಿಗೆ ಜಂಬುಹುಲ್ಲಿನ ಒಂದು ಚಾಪೆ ಕೊಡುತ್ತಾರೆ. ಎರಡು ಪಕ್ಕದಲ್ಲೂ ಕೆಂಪು ಅಂಚು, ನಡುವೆ ಒಬ್ಬರು ಕೂರುವಷ್ಟು ಅಗಲದ ಎರಡು ಪಟ್ಟಿ, ಒಂದು ಗಂಡನಿಗೆ, ಒಂದು ಹೆಂಡತಿಗೆ. ಸಂಗೀತೋತ್ಸವಕ್ಕೆ ಬಿಟ್ಟರೆ ಅದನ್ನು ಬಿಚ್ಚುವುದಿಲ್ಲ. ಮನೆಯಲ್ಲಿ ಜನ ಹೆಚ್ಚಿದರೆ ಪಟ್ಟಿ ತಾನಾಗಿಯೇ ಹೆಚ್ಚುತ್ತದೆ. ಮಗ ಮದುವೆಯಾಗಿ ಬೇರೆ ಹೋದರೆ ಅಪ್ಪ ಅಮ್ಮನ ಚಾಪೆಯಲ್ಲಿ ಒಂದು ಕಡಿಮೆಯಾಗುತ್ತದೆ. ಯಾವ ಪಟ್ಟಿ ಯಾರದೆಂದು ಬರೆದಿರುವುದಿಲ್ಲ, ಎಷ್ಟು ಎಂಬುದಷ್ಟೇ ಕಾಣುತ್ತದೆ. ಮುಕುಂದ ಹೊಟ್ಟೆಯಲ್ಲಿದ್ದಾಗ ನನಗೇ ಖಾತ್ರಿಯಿರಲಿಲ್ಲ. ಉತ್ಸವದ ಮೊದಲ ದಿನ ಚಾಪೆ ಬಿಚ್ಚಿದರೆ ನಾಲ್ಕು ಪಟ್ಟಿ. ಅಕ್ಕಪಕ್ಕದ ಹೆಂಗಸರು ನನಗಿಂತ ಮೊದಲು ಎಣಿಸಿ ನಕ್ಕರು. ಮರದ ವ್ಯಾಪಾರಿಯೊಬ್ಬನ ಚಾಪೆಯಲ್ಲಿ ಒಂದು ವರ್ಷ ಮನೆಯವರಿಗಿಂತ ಒಂದು ಪಟ್ಟಿ ಜಾಸ್ತಿ ಕಂಡಿತಂತೆ. ಆ ವರ್ಷ ಊರಿನವರು ಕೇಳಿದ್ದು ಸಂಗೀತವನ್ನಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿ ಈ ಊರಿಗೆ ಸೊಸೆಯಾಗಿ ಬಂದವಳು. ಮೊದಲ ವರ್ಷ ಚಾಪೆಯ ಮೂಲೆಯಿಂದ ಒಂದು ಎಳೆ ಕತ್ತರಿಸಿ ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದೆ.

"ಏನಾದ್ರೂ ಸಿಕ್ತಾ?" ಎಂದು ಪ್ರಹ್ಲಾದ ಕೇಳಿದ್ದ.

"ಜಂಬುಹುಲ್ಲು," ಎಂದಿದ್ದೆ.

ಸಾವಿಗೆ ಚಾಪೆ ಎಷ್ಟು ದಿನ ತೆಗೆದುಕೊಳ್ಳುತ್ತದೆ ಎಂದು ಮಾತ್ರ ಯಾರೂ ಹೇಳಲಾರರು. ಕೆಲವರ ಮನೆಯಲ್ಲಿ ಅದೇ ವಾರ ಪಟ್ಟಿ ಹೋಗಿದೆ. ದಾರದ ಅಂಗಡಿಯ ಶಾಮಣ್ಣನವರ ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷ ಅವರ ಚಾಪೆಯಲ್ಲಿ ಎರಡು ಪಟ್ಟಿಯೇ ಇತ್ತಂತೆ. ಅವರು ಒಂದರಲ್ಲಿ ಕೂತು ಇನ್ನೊಂದರ ಮೇಲೆ ವೀಳ್ಯದ ತಟ್ಟೆ ಇಡುತ್ತಿದ್ದರಂತೆ. ನಾನು ಹತ್ತು ತಿಂಗಳಲ್ಲಿ ಎಷ್ಟೋ ಸಲ ಶಾಮಣ್ಣನವರನ್ನು ನೆನೆದಿದ್ದೇನೆ. ಹೋಗುವುದು ಬೇಡ ಎಂದದ್ದು ಸಂಗೀತಕ್ಕೆ ಹೆದರಿ ಅಲ್ಲ. ಚಾಪೆ ಅಟ್ಟದ ಮೇಲೆ ಸುತ್ತಿದ ಹಾಗೇ ಇರುವಷ್ಟು ದಿನ ಅದರಲ್ಲಿ ಮೂರೂ ಇರಬಹುದು, ನಾಲ್ಕೂ ಇರಬಹುದು.

ಇಳಾ ತಾನೇ ಏಣಿ ಎಳೆದು ತಂದಳು. ನಾನು ಹತ್ತಿ ಇಳಿಸಿದೆ. ಸುತ್ತಿದ ಚಾಪೆಯನ್ನು ಹೆಗಲ ಮೇಲೆ ಹೊತ್ತಾಗ ದಪ್ಪ ಅಂದಾಜು ಮಾಡಲು ಹೋಗಲಿಲ್ಲ.

ಮರುದಿನ ಕೆರೆಯಂಗಳಕ್ಕೆ ಇಳಿದೆವು. ಮುಂದೆ ಇಳಾ, ನನ್ನ ಹೆಗಲ ಮೇಲೆ ಚಾಪೆ, ಕೈಯಲ್ಲಿ ಮುಕುಂದ, ಹಿಂದೆ ಸೊಂಟದ ಮೇಲೆ ಮಣ್ಣಿನ ಹೂಜಿ ಇಟ್ಟುಕೊಂಡು ಅತ್ತೆ. ಜಾಗ ಗೊತ್ತು ಮಾಡುವ ವೆಂಕೋಬಣ್ಣ ಸುಣ್ಣದ ಪುಡಿಯ ಡಬ್ಬ ಹಿಡಿದು ನಿಂತಿದ್ದ. ಪ್ರತಿ ವರ್ಷವೂ ನಮಗೆ ಅದೇ ಜಾಗ, ವೇದಿಕೆಯ ಎಡಗಡೆ, ಮೂರನೆಯ ಸಾಲು.

"ಮೂರಕ್ಕೆ ಗೆರೆ ಹಾಕಿಟ್ಟಿದೀನಮ್ಮ," ಎಂದ ಮೆಲ್ಲಗೆ. ನನಗೆ ಬೇಸರವಾಗಬಾರದೆಂದು ಮೊದಲೇ ಹಾಕಿಟ್ಟಿದ್ದ.

ನಾನು ಚಾಪೆಯ ಒಂದು ತುದಿ ಹಿಡಿದು ಬಿಟ್ಟೆ. ಅದು ಉರುಳುತ್ತಾ ಹೋಗಿ ಸುಣ್ಣದ ಗೆರೆ ದಾಟಿ ನಿಂತಿತು. ವೆಂಕೋಬಣ್ಣ ಕಾಲಿನ ಬೆರಳಿನಿಂದ ತೋರಿಸುತ್ತಾ ಎಣಿಸಿದ. ಎರಡು ಸಲ ಎಣಿಸಿದ.

"ನಾಲ್ಕಿದೆ," ಎಂದ. ಹಳೆಯ ಗೆರೆಯನ್ನು ಪಾದದಿಂದ ಅಳಿಸಿ ಹೊಸದು ಎಳೆದ. "ಕೆಲವು ಹಾಗೇ ಇರ್ತಾವಮ್ಮ. ಇರ್ಲಿ ಬಿಡಿ."

ನಾನೂ ಒಂದು ಸಲ ಎಣಿಸಿದೆ. ಹತ್ತು ತಿಂಗಳಲ್ಲಿ ಮನಸ್ಸಿಟ್ಟು ಮಾಡಿದ ಮೊದಲ ಕೆಲಸ ಅದು. ಅಪ್ಪನದು ಇನ್ನೂ ಇದೆ ಎಂದು ಇಳಾ ಮುಕುಂದನ ಕಿವಿಯಲ್ಲಿ ಹೇಳಿದಳು. ಕಿವಿಯಲ್ಲಿ ಹೇಳಿದ್ದು ಮೂರು ಸಾಲಿಗೆ ಕೇಳಿಸಿತು. ಬಿಸಿಲಿಗೆಂದು ಚೀಲದಲ್ಲಿ ತಂದಿದ್ದ ಪ್ರಹ್ಲಾದನ ಟವೆಲು, ನೀಲಿ ಅಂಚಿನದು, ತೆಗೆದು ನಾಲ್ಕನೆಯ ಪಟ್ಟಿಯ ಮೇಲೆ ಹಾಸಿದೆ.

ಅತ್ತೆ ಚಾಪೆಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಸುಣ್ಣದ ಗೆರೆಯ ಆಚೆ ಹುಲ್ಲು ಸುತ್ತಿ ಮಾಡಿದ ಒಂದು ಸಿಂಬೆ ಇಟ್ಟು, ಅದರ ಮೇಲೆ ಹೂಜಿ ಕೂರಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತರು. ಪ್ರತಿ ವರ್ಷ ಅವರು ತಮ್ಮ ಒಂದು ಪಟ್ಟಿಯ ಚಾಪೆ ತಂದು ನಮ್ಮ ಪಕ್ಕ ಹಾಸುತ್ತಿದ್ದರು.

"ಅತ್ತೆ, ನಿಮ್ಮ ಚಾಪೆ?"

"ಇಲಿ ಕಡಿದಿದೆ. ನೆಲ ತಂಪಾಗಿದೆ ಬಿಡು."

ಇನ್ನೊಬ್ಬರ ಚಾಪೆಯ ಮೇಲೆ ಕರೆಯದೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ನಾನು ಕರೆಯಲಿಲ್ಲ. ಕೆರೆಯಂಗಳದ ಮಣ್ಣು ತಂಪಾಗಿರಲಿಲ್ಲ, ಒಣಗಿ ಬಿರುಕು ಬಿಟ್ಟು ಹಂಚಿನಂತಾಗಿತ್ತು. ಅದು ನನಗೆ ಕಾಣಲಿಲ್ಲ. ನಾನು ಟವೆಲಿನ ಕಡೆ ನೋಡುತ್ತಿದ್ದೆ.

ಚಿಕ್ಕ ಮಕ್ಕಳನ್ನು ಕಛೇರಿಗೆ ಕರೆದುಕೊಂಡು ಹೋದವರಿಗೆ ಗೊತ್ತಿರುತ್ತದೆ, ಕೇಳಲು ಸಿಗುವುದು ತುಂಡು ತುಂಡು. ತಂಬೂರಿ ಶ್ರುತಿಯಾಗುವಾಗ ಮುಕುಂದನಿಗೆ ಉಚ್ಚೆ ಬರುತ್ತದೆ. ಅವನನ್ನು ಜಾಲಿ ಪೊದೆಯ ಹಿಂದೆ ಒಯ್ದು ಬರುವಷ್ಟರಲ್ಲಿ ವರ್ಣ ಮುಗಿದಿರುತ್ತದೆ. ಪಿಟೀಲಿನ ಸರದಿಯಲ್ಲಿ ಇಳಾಗೆ ಹಸಿವು. ಚಕ್ಕುಲಿ ಕಡಿಯುವ ಸದ್ದಿಗೆ ಮುಂದಿನ ಸಾಲಿನ ಮುದುಕರು ತಿರುಗಿ ನೋಡುತ್ತಾರೆ. ಮೊದಲ ದಿನ ಘಟ ನುಡಿಸುವವರು ತಮ್ಮ ಸರದಿಯ ತನಿ ಶುರುಮಾಡಿದಾಗ ಮುಕುಂದ ಅವರ ಮಡಕೆಯನ್ನು ನೋಡಿದ, ನಮ್ಮ ಹೂಜಿಯನ್ನು ನೋಡಿದ, ಎದ್ದು ಹೋಗಿ ಎರಡೂ ಕೈಯಲ್ಲಿ ಹೂಜಿಗೆ ಬಡಿದ.

"ವಿದ್ವಾಂಸರೇ, ನೀರು ಚೆಲ್ಲುತ್ತೆ," ಎಂದರು ಅತ್ತೆ. ಅಂದಿನಿಂದ ಹೂಜಿಯನ್ನು ಎರಡು ಮಂಡಿಗಳ ನಡುವೆ ಹಿಡಿದುಕೊಂಡೇ ಕೂತರು.

ಹಿಂದಿನ ವರ್ಷಗಳಲ್ಲಿ ಈ ಕೆಲಸಗಳಲ್ಲಿ ಅರ್ಧ ಪ್ರಹ್ಲಾದನದು. ಅವನು ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ಸಂಗೀತವೆಂದರೆ ಪ್ರಾಣ, ಆದರೆ ಸಂಗೀತ ಅವನಿಗೆ ಒಲಿದಿರಲಿಲ್ಲ. ತಾಳ ಯಾವಾಗಲೂ ಒಂದು ಏಟು ಹಿಂದೆ. ಕಾಲು ಚಾಚಿ ಕೂತು ಆಲಾಪನೆ ಶುರುವಾದ ಎರಡು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದ. ಮೊದಲ ಚಪ್ಪಾಳೆಗೆ ಎಚ್ಚರಾಗಿ ಎಲ್ಲರಿಗಿಂತ ಜೋರಾಗಿ "ಭೇಷ್" ಎನ್ನುತ್ತಿದ್ದ. ಕೊನೆಯ ದಿನ ಹಾಡಲು ಬರುವ ಅಲಮೇಲಮ್ಮನವರಿಗೆ ಆ ಭೇಷ್ ಎಲ್ಲಿಂದ ಬರುತ್ತದೆಂದು ಗೊತ್ತಿತ್ತು. ಎಪ್ಪತ್ತು ದಾಟಿದ ಆಕೆ ಪ್ರತಿ ಸಲವೂ ನಮ್ಮ ಕಡೆ ತಿರುಗಿ ಕೈಮುಗಿಯುತ್ತಿದ್ದರು. "ಅಮ್ಮ, ಅಪ್ಪ ನಿದ್ದೆ ಮಾಡ್ತಿದ್ದ," ಎಂದು ಇಳಾ ಹೋದ ವರ್ಷ ಹೇಳಿದಾಗ, "ಗೊತ್ತು, ಯಾರಿಗೂ ಹೇಳ್ಬೇಡ," ಎಂದಿದ್ದೆ.

ಎರಡನೆಯ ದಿನ ಮುಕುಂದ ತನ್ನ ಚಕ್ಕುಲಿಯಲ್ಲಿ ಅರ್ಧ ಮುರಿದು ಟವೆಲಿನ ಮೇಲಿಟ್ಟ.

"ಯಾರಿಗೋ ಅದು?" ಎಂದು ಪಕ್ಕದ ಚಾಪೆಯ ದಮಯಂತಿ ಕೇಳಿದಳು.

"ಅಪ್ಪಂಗೆ."

ದಮಯಂತಿ ಸೆರಗಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ನೋಡಿದಳು. ಸ್ವಲ್ಪ ಹೊತ್ತಿಗೆ ಚಕ್ಕುಲಿಗೆ ಇರುವೆ ಮುತ್ತಿತು. ನಾನು ತೆಗೆದು ಎಸೆಯಲಿಲ್ಲ.

ದಮಯಂತಿಯವರದು ಏಳು ಪಟ್ಟಿಯ ಚಾಪೆ. ಅವಳ ಚಿಕ್ಕಮಾವ ಒಬ್ಬರೇ ಎರಡು ಪಟ್ಟಿ ತುಂಬುತ್ತಿದ್ದರು. ಚಾಪೆ ಜನರನ್ನು ಎಣಿಸುತ್ತದೆ, ಮೈಯನ್ನು ಎಣಿಸುವುದಿಲ್ಲ. ಮೂರನೆಯ ದಿನ ಅವಳ ಆರು ತಿಂಗಳ ಮಗು ತೊಡೆಯ ಮೇಲೆ ಬೆವರಿ ಅಳತೊಡಗಿತು.

"ನಿರುಪಮಾ, ಒಂದ್ ಗಳಿಗೆ ಮಗೂನ ಅಲ್ಲಿ ಮಲಗಿಸ್ಲೇನೆ? ನಮ್ಮಲ್ಲಿ ಕಾಲಿಡೋಕೂ ಜಾಗ ಇಲ್ಲ. ಚಿಕ್ಕಮಾವ ಉಸಿರಾಡಿದ್ರೆ ನಾನು ಚಾಪೆಯಿಂದ ಆಚೆ ಬೀಳ್ತೀನಿ."

"ಇಲ್ಲ," ಎಂದೆ.

"ಖಾಲಿ ಇದೆಯಲ್ಲ ಅಂತ..."

"ಖಾಲಿ ಇಲ್ಲ."

ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. ಪಿಟೀಲಿನವರು ಕೂಡ ಒಮ್ಮೆ ಕಣ್ಣೆತ್ತಿದರು. ದಮಯಂತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಅತ್ತೆ ಕೈ ಚಾಚಿ ಮಗುವನ್ನು ಇಸಿದುಕೊಂಡರು. ಹೂಜಿಯ ತಂಪಾದ ಹೊಟ್ಟೆಗೆ ಅದರ ಪಾದ ತಾಗಿಸಿ ಹಿಡಿದರು. ಮಗು ಸುಮ್ಮನಾಯಿತು. ಅಷ್ಟು ಹೊತ್ತೂ ಅವರು ನೆಲದ ಮೇಲೆ ನೆಟ್ಟಗೆ ಕೂತಿದ್ದರು, ಬೆನ್ನಿಗೆ ಏನೂ ಇಲ್ಲದೆ.

ನಾಲ್ಕನೆಯ ದಿನ ಕಛೇರಿ ಮುಗಿಸಿ ಏರಿ ಹತ್ತುವಾಗ ಇಳಾ ಕೇಳಿದಳು, "ಅಮ್ಮ, ಅಪ್ಪ ನಾಳೆ ಬರ್ತಾನಾ?"

ಅವಳು ನನ್ನ ಮುಖ ನೋಡುತ್ತಿರಲಿಲ್ಲ. ದಾರಿಯ ಮೇಲಿನ ಬಸವನಹುಳದ ಚಿಪ್ಪೊಂದನ್ನು ಕಾಲಿನಿಂದ ತಳ್ಳುತ್ತಾ ನಡೆಯುತ್ತಿದ್ದಳು. "ನಾಳೆ ಕೊನೇ ದಿನ ಅಲ್ವಾ. ಪಟ್ಟಿ ಇದೆ ಅಂದ್ರೆ ಬರ್ಬೇಕಲ್ವಾ. ನಾನು ದಮಯಂತಿ ಆಂಟಿ ಮನೆ ಮಕ್ಕಳಿಗೆಲ್ಲಾ ಹೇಳಿದೀನಿ."

ಇಲ್ಲ ಎನ್ನಬೇಕಿತ್ತು. ನನಗೆ ಓದು ಗೊತ್ತು, ಸಾವು ಗೊತ್ತು, ಮಗುವಿನ ಮುಂದೆ ಏನು ಹೇಳಬೇಕೆಂಬುದೂ ಗೊತ್ತು.

"ನೋಡೋಣ," ಎಂದೆ.

ಮುಕುಂದ ಅತ್ತೆಯ ಸೊಂಟದ ಮೇಲಿಂದಲೇ ಚಪ್ಪಾಳೆ ತಟ್ಟಿದ.

ಮನೆಗೆ ಬಂದ ಮೇಲೆ ಮಕ್ಕಳು ಮಲಗಿದರು. ಅತ್ತೆ ಮಾವಿನಕಾಯಿ ಹೆಚ್ಚುತ್ತಾ, ತಲೆಯೆತ್ತದೆ ಹೇಳಿದರು, "ಮಕ್ಕಳಿಗೆ ಹಾಗೆ ಹೇಳ್ಬೇಡ ಕಣೇ."

"ನಾನು ಹೇಳಿಲ್ಲ ಅತ್ತೆ. ಚಾಪೆ ಹೇಳ್ತಿದೆ."

ಅವರು ಹೆಚ್ಚುವುದನ್ನು ನಿಲ್ಲಿಸಿದರು. ಆಮೇಲೆ ಹೋಳುಗಳನ್ನು ಬಟ್ಟಲಿಗೆ ಸುರಿದು ಉಪ್ಪು ಬೆರೆಸತೊಡಗಿದರು.

"ಅವ್ನು ನನ್ನ ಮಗ," ಎಂದರು. ನನಗೆ ಅದು ಜಗಳದ ಮಾತಿನಂತೆ ಕೇಳಿಸಿತು. ನನಗಿಂತ ತಮಗೆ ಹೆಚ್ಚು ಹಕ್ಕಿದೆ ಎನ್ನುತ್ತಿದ್ದಾರೆ ಅಂದುಕೊಂಡೆ. ಎದ್ದು ಒಳಗೆ ಹೋದೆ.

ಐದನೆಯ ದಿನ ಇಳಾ ಹೊಸ ಲಂಗ ಹಾಕಿಕೊಂಡಳು. ಕೆರೆಯಂಗಳದಲ್ಲಿ ಕೂತ ಮೇಲೆ ಐದು ನಿಮಿಷಕ್ಕೊಮ್ಮೆ ತಿರುಗಿ ಏರಿಯ ಮೆಟ್ಟಿಲು ನೋಡಿದಳು. ಯಾರೋ ಇಳಿದು ಬರುತ್ತಿದ್ದರು. ಅಪ್ಪನಲ್ಲ. ಮತ್ತೆ ಯಾರೋ. ಅವರೂ ಅಲ್ಲ. ಮುಕುಂದ ಈ ಸಲ ಇಡೀ ಚಕ್ಕುಲಿ ಇಟ್ಟಿದ್ದ. ನಾನೂ ಎರಡು ಸಲ ತಿರುಗಿ ನೋಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅಲಮೇಲಮ್ಮನವರು ವೇದಿಕೆ ಹತ್ತಿ ಕೂತು ಸಭೆಯನ್ನು ನೋಡಿದರು. ಅವರ ಕಣ್ಣು ನಮ್ಮ ಚಾಪೆಯ ಮೇಲೆ ಬಂದು ಒಂದು ಕ್ಷಣ ನಿಂತು ಮುಂದೆ ಹೋಯಿತು. ಬಿಲಹರಿ ರಾಗದಲ್ಲಿ ಶುರು ಮಾಡಿದರು. ಕಂಠ ಹೋದ ವರ್ಷದಷ್ಟಿರಲಿಲ್ಲ. ಮೇಲಿನ ಷಡ್ಜಕ್ಕೆ ಹೋಗುವಾಗ ನಿಧಾನವಾಗಿ, ಮೆಟ್ಟಿಲ ಪಕ್ಕದ ಕಂಬಿ ಹಿಡಿದವರಂತೆ ಹೋಗುತ್ತಿದ್ದರು. ಹೋಗಿ ಮುಟ್ಟುತ್ತಿದ್ದರು. ಮೂರು ಕೃತಿಯಾದ ಮೇಲೆ ತನಿ ಬಂತು. ಮೃದಂಗದವರು ನುಡಿಸಿ ಘಟದವರಿಗೆ ಬಿಟ್ಟರು.

ಅತ್ತೆ ಆಗ ಇಳಾಳ ಬಿಚ್ಚಿಹೋದ ಜಡೆ ಕಟ್ಟುತ್ತಿದ್ದರು. ಹೂಜಿ ಮಂಡಿಗಳ ನಡುವೆ ಇರಲಿಲ್ಲ. ಮುಕುಂದ ಐದು ದಿನದಿಂದ ಕಾದಿದ್ದ ಅವಕಾಶ ಅದು. ಓಡಿಹೋಗಿ ಹೂಜಿಯ ಮೇಲೆ ಎರಡು ಏಟು ಬಾರಿಸಿದ. ಮೂರನೆಯದಕ್ಕೆ ಅದು ವಾಲಿ ಉರುಳಿತು. ಒಡೆಯಲಿಲ್ಲ. ಅರ್ಧ ನೀರು ಬಿರುಕಿನೊಳಗೆ ಇಳಿದು ಹೋಯಿತು.

"ಆಯ್ತು, ಮಂಗಳ ಹಾಡಿಬಿಟ್ರು," ಎಂದರು ದಮಯಂತಿಯ ಚಿಕ್ಕಮಾವ. ಸುತ್ತಲಿನವರು ನಕ್ಕರು.

ನಾನು ಎದ್ದು ಹೂಜಿ ಎತ್ತಿ ಹಿಡಿದೆ. ನೆಂದ ಸಿಂಬೆಯನ್ನು ಹಿಂಡಲೆಂದು ಇನ್ನೊಂದು ಕೈಗೆ ತೆಗೆದುಕೊಂಡೆ. ಅದರ ಗಂಟು ಸಡಿಲವಾಗಿತ್ತು. ಕೈಯಲ್ಲಿ ಸುರುಳಿ ಬಿಚ್ಚಿಕೊಂಡು ಉದ್ದಕ್ಕೆ ಇಳಿಯಿತು. ಆಳುದ್ದ, ನಾಲ್ಕೇ ಬೆರಳು ಅಗಲ. ಜಂಬುಹುಲ್ಲು. ಈ ಪಕ್ಕ ಕೆಂಪು ಅಂಚು. ಆ ಪಕ್ಕ ಕೆಂಪು ಅಂಚು. ನಡುವೆ ಏನೂ ಇಲ್ಲ.

ಪಟ್ಟಿಯೇ ಇಲ್ಲದ ಚಾಪೆಯನ್ನು ನಾನು ಹಿಂದೆ ನೋಡಿರಲಿಲ್ಲ. ಆದರೂ ನೋಡಿದ ಕೂಡಲೇ ಗೊತ್ತಾಯಿತು.

ಅತ್ತೆ ಇಳಾಳ ಜಡೆಯನ್ನು ಅರ್ಧಕ್ಕೇ ಬಿಟ್ಟಿದ್ದರು.

"ಇಲಿ ಕಡಿದಿಲ್ಲ," ಎಂದೆ.

"ಇಲ್ಲ."

"ಯಾವಾಗಿಂದ ಹೀಗಿದೆ?"

"ಕಾರ್ತಿಕದಲ್ಲಿ. ಮುಕುಂದನಿಗೆ ದಡಾರ ಎದ್ದಿತ್ತಲ್ಲ, ಒಂದು ವಾರ ಇಬ್ರೂ ಕಣ್ಣು ಮುಚ್ಚಿರಲಿಲ್ಲ. ಅದಾದ್ಮೇಲೆ ಸೀರೆ ತರೋಕೆ ಅಂತ ಮನೆಗೆ ಹೋದೆ. ಚಾಪೆ ಇಟ್ಟಿದ್ದ ಮೂಲೇಲಿ ಇದೊಂದು ಬಿದ್ದಿತ್ತು." ಅವರು ಕೈಯಲ್ಲಿದ್ದ ರಿಬ್ಬನ್ನನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಎಸೆಯೋಕೆ ಮನಸ್ಸು ಬರಲಿಲ್ಲ. ಹೂಜಿ ಅಡಿಗೆ ಆಯ್ತು."

ನಾನು ಚಾಪೆಯ ಕಡೆ ತಿರುಗಿದೆ. ಈ ಲೆಕ್ಕಕ್ಕೆ ವಿಶ್ವವಿದ್ಯಾಲಯ ಬೇಕಾಗಿರಲಿಲ್ಲ. ನಾಲ್ಕರಲ್ಲಿ ಒಂದು ಹೋಗಿ ಮೂರು. ಮೂರಕ್ಕೆ ಒಂದು ಸೇರಿ ನಾಲ್ಕು. ಅಟ್ಟದ ಮೇಲೆ, ಕತ್ತಲಲ್ಲಿ, ಯಾರೂ ನೋಡದಿರುವಾಗ ಎರಡೂ ಆಗಿಹೋಗಿತ್ತು. ಅವನ ಪಟ್ಟಿ ಯಾವ ದಿನ ಹೋಯಿತೆಂದು ನನಗೆ ಎಂದೂ ತಿಳಿಯುವುದಿಲ್ಲ. ಐದು ದಿನದಿಂದ ನಾನು ಟವೆಲು ಹಾಸಿ ಕಾದದ್ದು ಪಕ್ಕದಲ್ಲೇ ನೆಲದ ಮೇಲೆ ಕೂತವರ ಜಾಗವನ್ನು.

"ಮೊದಲ ದಿನವೇ ಯಾಕೆ ಹೇಳಲಿಲ್ಲ ಅತ್ತೆ?"

"ಹೇಳಿದ್ರೆ ಅವನದು ಹೋಯ್ತು ಅಂತಾನೂ ಹೇಳ್ಬೇಕಿತ್ತಲ್ಲ." ಅತ್ತೆ ನೆಲ ನೋಡುತ್ತಿದ್ದರು. "ನೀನು ಟವೆಲ್ ಹಾಸಿದೆ. ನಿನ್ನ ಮುಖ ನೋಡಿದೆ. ಹತ್ತು ತಿಂಗಳಾಗಿತ್ತು, ನಿನ್ನ ಮುಖದಲ್ಲಿ ಏನಾದ್ರೂ ಕಂಡು. ಮಗನ ಜಾಗದ ಮೇಲೆ ನಾನು ಹೇಗೆ ಹೋಗಿ ಕೂರಲಿ ಹೇಳು."

ವೇದಿಕೆಯ ಮೇಲೆ ತನಿ ಮುಗಿಯುತ್ತಾ ಬಂದಿತ್ತು. ಮೃದಂಗ, ಘಟ ಎರಡೂ ಸೇರಿ ನುಡಿಯುತ್ತಿದ್ದವು. ಇಳಾ ನನ್ನ ಸೆರಗು ಹಿಡಿದು ಎಳೆದಳು.

"ಏನಾಯ್ತಮ್ಮ?"

ನಾನು ಅವಳ ಎತ್ತರಕ್ಕೆ ಕೂತೆ. ಮುಕುಂದನೂ ಹತ್ತಿರ ಬಂದ, ಬೈಗುಳಕ್ಕೆ ತಯಾರಾಗಿ.

"ಇಳಾ, ಅಪ್ಪ ಬರಲ್ಲ."

"ಇವತ್ತಾ?"

"ಇವತ್ತೂ ಬರಲ್ಲ. ಯಾವತ್ತೂ ಬರಲ್ಲ. ನಿನ್ನೆ ನಾನು ನೋಡೋಣ ಅಂದದ್ದು ಸುಳ್ಳು. ಆ ಪಟ್ಟಿ ಅಪ್ಪಂದಲ್ಲ, ಅಜ್ಜೀದು."

ಅವಳ ಕೆಳತುಟಿ ಸ್ವಲ್ಪ ಮುಂದೆ ಬಂತು. ಏರಿಯ ಮೆಟ್ಟಿಲನ್ನು ಇನ್ನೊಮ್ಮೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಅಜ್ಜಿ ಕೂತಿದ್ದ ಜಾಗ ನೋಡಿದಳು. ಹೂಜಿಯ ನೀರು ಇಳಿದ ಬಿರುಕು, ಅಜ್ಜಿಯ ಸೀರೆಯ ಹಿಂದೆಲ್ಲ ಮೆತ್ತಿಕೊಂಡ ಬೂದು ಮಣ್ಣು.

"ಹಾಗಾದ್ರೆ ಐದು ದಿನಾನೂ ಅಜ್ಜೀನ ಯಾಕೆ ಮಣ್ಣಲ್ಲಿ ಕೂರಿಸಿದೆ?" ಎಂದಳು.

ನಾನು ಎದ್ದು ಹೋಗಿ ಟವೆಲು ಎತ್ತಿದೆ. ಚಕ್ಕುಲಿಯನ್ನು ಇರುವೆಗಳ ಸಮೇತ ದೂರ ಇಟ್ಟೆ. ಪಟ್ಟಿಯನ್ನು ಅಂಗೈಯಿಂದ ಮೇಲಿಂದ ಕೆಳಗೆ ಒರೆಸಿದೆ. ಹುಲ್ಲು ಹೊಸದಾಗಿತ್ತು. ಉಳಿದ ಮೂರು ಹಳದಿಗೆ ತಿರುಗಿದ್ದವು, ಇದರಲ್ಲಿ ಇನ್ನೂ ಹಸಿರಿತ್ತು. ಸಸ್ಯಶಾಸ್ತ್ರ ಓದಿದವಳು ಐದು ದಿನ ಅದನ್ನೇ ನೋಡುತ್ತಾ ಕೂತಿದ್ದೆ.

"ಅತ್ತೆ, ಬನ್ನಿ."

"ಇರ್ಲಿ ಬಿಡೆ. ಇನ್ನೇನು ಮುಗಿಯೋ ಹೊತ್ತು."

"ಬನ್ನಿ ಅತ್ತೆ. ಮನೆಗೆ ಹೋದ್ಮೇಲೆ ಆ ಟ್ರಂಕೂ ಬಿಚ್ಚಿ. ಬೀರುವಿನ ಕೆಳಗಿನ ಎರಡು ಅರೆ ಖಾಲಿ ಮಾಡ್ಕೊಡ್ತೀನಿ."

ಅವರು ಸುಣ್ಣದ ಗೆರೆ ದಾಟಿ ಬಂದು ಕೆಂಪು ಅಂಚಿನ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ ಕೂತರು. ಮುಕುಂದ ಎರಡೂ ಕೈಯಿಂದ ಅವರ ಬೆನ್ನನ್ನು ತಳ್ಳಿ, "ಪೂರ್ತಿ ಬಾ ಅಜ್ಜಿ," ಎಂದ. ಪೂರ್ತಿ ಬಂದರು. ದಮಯಂತಿ ನೋಡಿದಳು. ಸ್ವಲ್ಪ ಹೊತ್ತಿಗೆ ನಾನೇ ಕೈ ಚಾಚಿ ಅವಳ ಮಗುವನ್ನು ತೆಗೆದುಕೊಂಡು ನನ್ನ ಪಟ್ಟಿಯಲ್ಲಿ ಮಲಗಿಸಿದೆ.

"ಅಬ್ಬಾ," ಎಂದಳು ಅವಳು. "ಚಿಕ್ಕಮಾವನವರನ್ನೂ ಕಳಿಸ್ಲಾ?"

ಉಳಿದದ್ದು ಹೂಜಿ. ಸಿಂಬೆಯಿಲ್ಲದೆ ಅದು ನಿಲ್ಲುತ್ತಿರಲಿಲ್ಲ. ಆ ಕೆಂಪಂಚಿನ ಎಳೆಯನ್ನು ಅತ್ತೆ ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು, ಒಣಗಲಿ ಎಂದು. ನಾನು ಪ್ರಹ್ಲಾದನ ಟವೆಲನ್ನು ಹುರಿಯಾಗಿ ತಿರುಚಿದೆ. ಸುತ್ತಿ ತುದಿ ಒಳಗೆ ಸಿಕ್ಕಿಸಿ ನೆಲದ ಮೇಲಿಟ್ಟೆ. ಹೂಜಿ ಅದರ ಮೇಲೆ ಭದ್ರವಾಗಿ ಕೂತಿತು. 'ಒಳ್ಳೆ ಸಿಂಬೆ,' ಎಂದುಕೊಂಡೆ. ಅಷ್ಟೇ ಅಂದುಕೊಂಡೆ.

ಅಲಮೇಲಮ್ಮನವರು ಕೊನೆಯದಾಗಿ ಮಧ್ಯಮಾವತಿಯ ಆಲಾಪನೆ ಎತ್ತಿಕೊಂಡರು. ಬಿಸಿಲು ಏರಿದ್ದರೂ ಸಭೆಯಲ್ಲಿ ಯಾರೂ ಕದಲಲಿಲ್ಲ. ಅತ್ತೆ ಕಾಲು ಚಾಚಿದರು. ಐದು ದಿನದಲ್ಲಿ ಅವರು ಕಾಲು ಚಾಚಿದ್ದನ್ನು ನಾನು ನೋಡಿರಲಿಲ್ಲ. ಹಿಮ್ಮಡಿ ಕೆರೆಯ ಮಣ್ಣಿನಂತೆಯೇ ಬಿರುಕು ಬಿಟ್ಟಿತ್ತು. ಮುಕುಂದ ಒಂದು ಕಾಲಿನ ಮೇಲೆ ತಲೆಯಿಟ್ಟ, ಇಳಾ ಇನ್ನೊಂದರ ಮೇಲೆ. ಅವಳು ಇನ್ನೂ ನನ್ನೊಂದಿಗೆ ಮಾತಾಡುತ್ತಿರಲಿಲ್ಲ. ಆದರೆ ಬೆರಳು ಮಡಚಿ ತಾಳ ಹುಡುಕುತ್ತಿದ್ದಳು, ಆಲಾಪನೆಗೆ ತಾಳವಿಲ್ಲವೆಂದು ಅವಳ ಅಪ್ಪನೂ ಹೇಳಿಕೊಟ್ಟಿರಲಿಲ್ಲ.

ಎರಡು ನಿಮಿಷವಾಗಿರಬೇಕು. ಅತ್ತೆಯ ಗಲ್ಲ ಎದೆಗೆ ತಾಗಿತು. ಉಸಿರು ಸಣ್ಣಗೆ ಸದ್ದು ಮಾಡತೊಡಗಿತು. ರಾಗ ಏರಿ, ನಿಂತು, ತಿರುಗಿ ಇಳಿದು ಬಂತು. ಅತ್ತೆಗೆ ಏನೂ ಗೊತ್ತಾಗಲಿಲ್ಲ. ಅಲಮೇಲಮ್ಮನವರು ಷಡ್ಜದಲ್ಲಿ ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ಯಾರೋ ಮೊದಲ ಚಪ್ಪಾಳೆ ತಟ್ಟಿದರು.

"ಭೇಷ್," ಎಂದರು ಅತ್ತೆ, ತಲೆಯೆತ್ತಿ, ಎಲ್ಲರಿಗಿಂತ ಜೋರಾಗಿ.

ಅಲಮೇಲಮ್ಮನವರು ತಟ್ಟನೆ ನಮ್ಮ ಕಡೆ ತಿರುಗಿದರು. ಚಾಪೆಯನ್ನು ನೋಡಿದರು, ಅದರ ಮೇಲಿನ ನಮ್ಮ ಮನೆಯ ನಾಲ್ವರನ್ನು ನೋಡಿದರು. ಕೈಮುಗಿದರು.

"ಅಮ್ಮ," ಎಂದು ಇಳಾ ನನ್ನ ಕಿವಿಯ ಹತ್ತಿರ ಬಂದಳು. "ಅಜ್ಜಿ ನಿದ್ದೆ ಮಾಡ್ತಿದ್ರು."

"ಗೊತ್ತು," ಎಂದೆ. "ಯಾರಿಗೂ ಹೇಳ್ಬೇಡ."

ವೇದಿಕೆ ಕಾಣುತ್ತಿರಲಿಲ್ಲ, ಎದುರಿನ ಸಾಲೂ ಕಾಣುತ್ತಿರಲಿಲ್ಲ. ಕಣ್ಣು ಒರೆಸಿಕೊಳ್ಳಲು ಟವೆಲಿಗಾಗಿ ಪಕ್ಕದಲ್ಲಿ ಕೈಯಾಡಿಸಿದೆ. ಅದು ಹೂಜಿಯ ಕೆಳಗಿತ್ತು.